ರೋರಿ ಗ್ಯಾಲಗರ್‌ನ ‘ಐರಿಷ್ ಟೂರ್ ’74’: ಲೈವ್ ಆಲ್ಬಮ್ ಅಂದರೆ ಇದು ಅಲ್ವಾ?

ಮಲೆನಾಡ_ತಂತಿ

ಇಲ್ಲಿ ಲೈವ್ ಆಲ್ಬಮ್ (ಜನರ ಮುಂದೆ ನುಡಿಸಿದ್ದನ್ನೇ ಹಿಡಿದ ರೆಕಾರ್ಡ್) ಮಾತು ಬಂದಾಗೆಲ್ಲ ಅದೇ ಮೂರು ನಾಲ್ಕು ಹೆಸರು ಓಡಾಡುತ್ತವೆ. ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’, ಹೆಂಡ್ರಿಕ್ಸ್‌ನ ‘ಬ್ಯಾಂಡ್ ಆಫ್ ಜಿಪ್ಸೀಸ್’, ಥಿನ್ ಲಿಝಿಯ ‘ಲೈವ್ ಅಂಡ್ ಡೇಂಜರಸ್’. ಎಲ್ಲವೂ ಒಳ್ಳೆಯವೇ, ತಕರಾರಿಲ್ಲ. ಆದರೆ ರೋರಿ ಗ್ಯಾಲಗರ್ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ. ಹಾಗಾಗಿ ಒಂದು ಚರ್ಚೆ ಶುರು ಮಾಡೋಣ ಅಂತ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ರೋರಿ ಐರ್ಲೆಂಡಿನ ಗಿಟಾರಿಸ್ಟ್, ಹಾಡುಗಾರ. 1948ರಲ್ಲಿ ಡೊನೆಗಾಲ್ ಕೌಂಟಿಯ ಬ್ಯಾಲಿಶಾನನ್‌ನಲ್ಲಿ ಹುಟ್ಟಿದ, ಕಾರ್ಕ್ ಊರಿನಲ್ಲಿ ಬೆಳೆದ. ಮೊದಲು ‘ಟೇಸ್ಟ್’ ಅಂತ ಮೂವರ ಬ್ಯಾಂಡ್ ಕಟ್ಟಿದ. ಅದು 1970ರ ಕೊನೆಗೆ ಒಡೆಯಿತು. ಆಮೇಲೆ ತನ್ನ ಹೆಸರಿನಲ್ಲೇ ನುಡಿಸಿದ. 1974ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಹಾಲ್, ಡಬ್ಲಿನ್‌ನ ಕಾರ್ಲ್ಟನ್ ಸಿನಿಮಾ ಮತ್ತು ಕಾರ್ಕ್ ಸಿಟಿ ಹಾಲ್, ಈ ಮೂರು ಕಡೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಅದೇ ವರ್ಷ ಎರಡು ಎಲ್‌ಪಿಗಳ ಸೆಟ್ ಆಗಿ ಹೊರತಂದರು.

ಈ ಆಲ್ಬಮ್‌ನಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಗಿಟಾರಿನ ವೇಗ ಅಲ್ಲ. ಜೋರಾಗಿ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಇವನು ಜೋರಿನ ಮಧ್ಯೆ ಸದ್ದು ಇಳಿಸುತ್ತಾನೆ ನೋಡಿ, ಅದು. ‘ಎ ಮಿಲಿಯನ್ ಮೈಲ್ಸ್ ಅವೇ’ ಕೇಳಿ. ಒಂಬತ್ತೂವರೆ ನಿಮಿಷದ ಹಾಡು. ನಡುವೆ ಇಡೀ ಬ್ಯಾಂಡ್ ದನಿ ತಗ್ಗಿಸಿಬಿಡುತ್ತದೆ. ಗಿಟಾರ್ ಬರೀ ಪಿಸುಗುಟ್ಟುತ್ತದೆ. ಸಭಾಂಗಣ ತುಂಬ ಜನ ಇದ್ದಾರೆ ಅನ್ನೋದು ಗೊತ್ತಾಗುತ್ತದೆ, ಆದರೆ ಅವರು ಸುಮ್ಮನೆ ನಿಂತು ಕಾಯುತ್ತಿದ್ದಾರೆ. ಆಮೇಲೆ ಹಾಡು ಮತ್ತೆ ಏಳುತ್ತದೆ. ಅಲ್ಲಿ ಪ್ರತಿ ಸಲ ಮೈ ಜುಮ್ ಅನ್ನುತ್ತದೆ.

ಕೇಳಿದವರು ಏನನ್ನಿಸಿತು ಅಂತ ಬರೆಯಿರಿ. ಕೇಳದವರು ದಯವಿಟ್ಟು ಮೊದಲು ಕೇಳಿ.

ಹಳೇ_ಕ್ಯಾಸೆಟ್

ತಂತಿಯವರೇ, ರೋರಿ ಬಗ್ಗೆ ಬರೆದಿದ್ದಕ್ಕೆ ಖುಷಿಯಾಯಿತು. ಆದರೆ ಎರಡು ತಕರಾರು ಇದೆ.

ಮೊದಲನೇದು, ಇದನ್ನು ಹಾರ್ಡ್ ರಾಕ್ ಅನ್ನಬಹುದಾ? ಪಟ್ಟಿ ನೋಡಿ. ‘ಐ ವಂಡರ್ ಹೂ’ ಮಡ್ಡಿ ವಾಟರ್ಸ್‌ನದು. ‘ಟೂ ಮಚ್ ಆಲ್ಕೋಹಾಲ್’ ಜೆ.ಬಿ. ಹಟ್ಟೋನದು. ‘ಆಸ್ ದಿ ಕ್ರೋ ಫ್ಲೈಸ್’ ಟೋನಿ ಜೋ ವೈಟ್‌ನದು. ಮೊದಲೆರಡು ಚಿಕಾಗೋ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ), ಮೂರನೇದು ಅಮೆರಿಕದ ದಕ್ಷಿಣದ ಮಣ್ಣಿನದು. ರೋರಿ ಬ್ಲೂಸ್ ಮನುಷ್ಯ. ಸ್ವಲ್ಪ ಜೋರಾಗಿ ನುಡಿಸಿದ, ಅಷ್ಟೇ.

ಎರಡನೇದು, ಲೈವ್ ಅಂದರೆ ನನಗೆ ಅವನ 1972ರ ‘ಲೈವ್ ಇನ್ ಯೂರೋಪ್’ ಇನ್ನೂ ಹತ್ತಿರ. ಅದರಲ್ಲಿ ಕೀಬೋರ್ಡ್ ಇಲ್ಲ. ಗಿಟಾರ್, ಬೇಸ್, ಡ್ರಮ್ಸ್. ಮೂರೇ ಜನ. ಮುಚ್ಚಿಕೊಳ್ಳೋಕೆ ಜಾಗವೇ ಇಲ್ಲ. ಆ ವರ್ಷವೇ ‘ಮೆಲೊಡಿ ಮೇಕರ್’ ಪತ್ರಿಕೆಯ ಮತದಾನದಲ್ಲಿ ರೋರಿ ಅಗ್ರ ಗಿಟಾರಿಸ್ಟ್ ಆಗಿದ್ದು. ಎರಿಕ್ ಕ್ಲಾಪ್ಟನ್‌ನಂಥ ಹೆಸರಾಂತ ಗಿಟಾರಿಸ್ಟನ್ನೂ ಹಿಂದೆ ಹಾಕಿದ್ದ.

ಮಲೆನಾಡ_ತಂತಿ

ಕ್ಯಾಸೆಟ್ ಸರ್, ನೀವು ಹೇಳಿದ ಮೂರು ಹಾಡು ಬಿಟ್ಟು ಉಳಿದದ್ದು ನೋಡಿ. ‘ಕ್ರೇಡಲ್ ರಾಕ್’, ‘ಟ್ಯಾಟೂಡ್ ಲೇಡಿ’, ‘ವಾಕ್ ಆನ್ ಹಾಟ್ ಕೋಲ್ಸ್’, ‘ಹೂಸ್ ದಟ್ ಕಮಿಂಗ್’. ಎಲ್ಲ ಅವನೇ ಬರೆದದ್ದು, 1973ರಲ್ಲಿ ಬಂದ ‘ಬ್ಲೂಪ್ರಿಂಟ್’ ಮತ್ತು ‘ಟ್ಯಾಟೂ’ ಆಲ್ಬಮ್‌ಗಳಿಂದ. ‘ಕ್ರೇಡಲ್ ರಾಕ್’ ಶುರುವಾಗುವ ಆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕೇಳಿ ಇದು ಹಾರ್ಡ್ ರಾಕ್ ಅಲ್ಲ ಅಂತ ಹೇಗೆ ಹೇಳೋದು? ಬೇರು ಬ್ಲೂಸ್, ಒಪ್ಪಿದೆ. ಲೆಡ್ ಝೆಪ್ಪೆಲಿನ್ ಬ್ಯಾಂಡಿಗೂ ಬೇರು ಅದೇ ಅಲ್ವಾ?

‘ಲೈವ್ ಇನ್ ಯೂರೋಪ್’ ವಿಷಯದಲ್ಲಿ ಜಗಳ ಆಡಲ್ಲ. ಅದೂ ಬಂಗಾರವೇ.

ಕಾರ್ಕ್_ವಾಸಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಕೆಲಸದ ಮೇಲೆ ಕಾರ್ಕ್‌ನಲ್ಲಿದ್ದೇನೆ. ಈ ಚರ್ಚೆ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಇಲ್ಲಿ ಪಾಲ್ ಸ್ಟ್ರೀಟ್ ಹತ್ತಿರ ‘ರೋರಿ ಗ್ಯಾಲಗರ್ ಪ್ಲೇಸ್’ ಅಂತ ಒಂದು ಚಿಕ್ಕ ಚೌಕ ಇದೆ. ಅಲ್ಲಿ ಅವನ ನೆನಪಿಗೆ ಒಂದು ಕಂಚಿನ ಶಿಲ್ಪ ಇದೆ. ಗಿಟಾರ್ ತಿರುಚಿಕೊಂಡು ಮೇಲೇಳುವ ಥರ ಮಾಡಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗರು ಅದರ ಪಕ್ಕ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾರೆ.

ಅವನು ಬೆಳೆದ ಮ್ಯಾಕ್‌ಕರ್ಟನ್ ಸ್ಟ್ರೀಟ್ ಇಲ್ಲಿಂದ ನದಿಯ ಆಚೆ ದಡ. ಆಲ್ಬಮ್‌ನಲ್ಲಿ ಬರುವ ಸಿಟಿ ಹಾಲ್ ಕೂಡ ನಡೆದು ಹೋಗುವಷ್ಟು ದೂರ. ಅದು ಬರೀ ಸಂಗೀತದ ಜಾಗ ಅಲ್ಲ. 1920ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಪಡೆಗಳು ಈ ಊರಿಗೆ ಬೆಂಕಿ ಇಟ್ಟಾಗ ಹಳೆಯ ಸಿಟಿ ಹಾಲ್ ಸುಟ್ಟುಹೋಯಿತು. ಈಗಿನದು 1936ರಲ್ಲಿ ತೆರೆದದ್ದು. ಹೊರಗಿನಿಂದ ನೋಡಿದರೆ ಸುಣ್ಣದ ಕಲ್ಲಿನ ಗಂಭೀರ ಸರ್ಕಾರಿ ಕಟ್ಟಡ. ಅದರೊಳಗೆ ‘ಕ್ರೇಡಲ್ ರಾಕ್’ ಮೊಳಗಿತ್ತು ಅಂತ ಊಹಿಸಿಕೊಳ್ಳೋದೇ ಒಂದು ಖುಷಿ.

ಗಿಟಾರ್ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. 1961ರ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್, ಚಿಕ್ಕದಾಗಿ ‘ಸ್ಟ್ರಾಟ್’. ಮೊದಲು ಒಂದು ಶೋಬ್ಯಾಂಡ್‌ನ (ಡಾನ್ಸ್ ಹಾಲ್‌ಗಳಲ್ಲಿ ನುಡಿಸುವ ಬ್ಯಾಂಡ್) ಗಿಟಾರಿಸ್ಟ್ ತರಿಸಿಕೊಂಡಿದ್ದ. ಅವನು ಕೇಳಿದ್ದು ಕೆಂಪು ಬಣ್ಣದ್ದು, ಬಂದದ್ದು ಸನ್‌ಬರ್ಸ್ಟ್, ಅಂದರೆ ಅಂಚು ಕಪ್ಪಗೆ, ನಡುವೆ ಹಳದಿ. ಆಮೇಲೆ ಕೆಂಪು ಸಿಕ್ಕಿದಾಗ ಇದನ್ನು ಮಾರಿದ. 1963ರಲ್ಲಿ ಕಾರ್ಕ್‌ನ ಕ್ರೌಲೀಸ್ ಅಂಗಡಿಯಿಂದ ಸುಮಾರು 100 ಪೌಂಡಿಗೆ ರೋರಿ ಕೊಂಡ. ಕಂತಿನ ಮೇಲೆ. ವಯಸ್ಸು 15. ಅಷ್ಟು ದುಡ್ಡು ಅಂದರೆ ಆಗ ಮನೆಯಲ್ಲಿ ರಾದ್ಧಾಂತವೇ. ಈ ಗಿಟಾರ್ ಇದ್ದರೆ ರಿದಮ್, ಲೀಡ್ ಎರಡೂ ತಾನೇ ನುಡಿಸಬಹುದು, ಇನ್ನೊಬ್ಬ ಗಿಟಾರಿಸ್ಟ್ ಬೇಕಾಗಲ್ಲ ಅಂತ ಅಮ್ಮನಿಗೆ ಸಮಜಾಯಿಷಿ ಕೊಟ್ಟನಂತೆ.

ಬೇಸ್_ಬಡಿತ

ಎಲ್ಲರೂ ಗಿಟಾರ್ ಗಿಟಾರ್ ಅಂತಿದ್ದೀರಿ. ನಾನು ಬೇಸ್ ನುಡಿಸುವವನು. ನನ್ನ ಮಾತೂ ಸ್ವಲ್ಪ ಕೇಳಿ.

ಈ ಆಲ್ಬಮ್ ನಿಂತಿರೋದು ಗೆರಿ ಮ್ಯಾಕವಾಯ್ ಮೇಲೆ. ಬೆಲ್‌ಫಾಸ್ಟ್ ಹುಡುಗ. ಸುಮಾರು ಇಪ್ಪತ್ತು ವರ್ಷ ರೋರಿ ಜೊತೆ ನುಡಿಸಿದ. ‘ವಾಕ್ ಆನ್ ಹಾಟ್ ಕೋಲ್ಸ್’ ಹನ್ನೊಂದು ನಿಮಿಷ ಇದೆ. ಗಿಟಾರ್ ಮತ್ತು ಪಿಯಾನೋ ಮೇಲಿಂದ ಮೇಲೆ ಹಾರಾಡುತ್ತಿರುವಾಗ ಕೆಳಗೆ ಬೇಸ್ ಒಂದು ಚೂರೂ ಅಲ್ಲಾಡುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬೇಸ್ ಮಾತ್ರ ಹಿಡಿದು ಒಂದು ಸಲ ಪೂರ್ತಿ ಕೇಳಿ. ಆಗ ಗೊತ್ತಾಗುತ್ತದೆ, ರೋರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ. ಎಲ್ಲಿಗೆ ಹಾರಿದರೂ ಇಳಿಯೋಕೆ ನೆಲ ಇತ್ತು.

ಡ್ರಮ್ಸ್‌ನಲ್ಲಿ ರಾಡ್ ಡಿ’ಆತ್, ವೇಲ್ಸ್‌ನವನು. ಕೀಬೋರ್ಡ್‌ನಲ್ಲಿ ಲೂ ಮಾರ್ಟಿನ್, ಅವನೂ ಬೆಲ್‌ಫಾಸ್ಟ್‌ನಲ್ಲೇ ಹುಟ್ಟಿದವನು. ಹಳೇ ಕ್ಯಾಸೆಟ್ ಸರ್ ಕೀಬೋರ್ಡ್ ಬೇಡ ಅಂದರು. ನನಗೆ ಹಾಗನ್ನಿಸುವುದಿಲ್ಲ. ಲೂ ಸೇರಿದ್ದರಿಂದಲೇ ರೋರಿಗೆ ಉಸಿರಾಡೋಕೆ ಜಾಗ ಸಿಕ್ಕಿತು. ಮೂವರ ಬ್ಯಾಂಡ್‌ನಲ್ಲಿ ಗಿಟಾರ್ ನಿಂತರೆ ಎಲ್ಲ ಖಾಲಿ ಖಾಲಿ. ಇಲ್ಲಿ ಗಿಟಾರ್ ಸುಮ್ಮನಾದರೂ ಹಾಡು ನಡೆಯುತ್ತದೆ. ತಂತಿಯವರು ಹೇಳಿದ ಆ ಪಿಸುಮಾತು ಸಾಧ್ಯ ಆಗಿದ್ದೂ ಅದರಿಂದಲೇ.

ಇನ್ನೊಂದು. ರೋರಿ ಹಾಡುಗಳ ಪಟ್ಟಿ ಬರೆದಿಟ್ಟುಕೊಂಡು ವೇದಿಕೆ ಹತ್ತುವವನಲ್ಲ. ಮುಂದಿನ ಹಾಡು ಯಾವುದು ಅಂತ ಬ್ಯಾಂಡಿನವರು ಅವನ ಕೈ ನೋಡಿ ಹಿಡಿಯಬೇಕಿತ್ತು. ನಾವು ಪಬ್‌ನಲ್ಲಿ ನುಡಿಸುವಾಗ ಪಟ್ಟಿ ಇಲ್ಲದಿದ್ದರೆ ಎರಡು ಹಾಡಿಗೆ ಮುಖ ಮುಖ ನೋಡಿಕೊಳ್ಳುತ್ತೇವೆ.

ಮಳೆಬಿಲ್ಲು

ನಾನು ಈ ಆಲ್ಬಮ್ ಕೇಳಿಲ್ಲ, ಇವತ್ತು ರಾತ್ರಿ ಕೇಳುತ್ತೇನೆ. ಒಂದು ಪ್ರಶ್ನೆ. 1974ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಗಲಾಟೆ, ಬಾಂಬು ಇತ್ತಲ್ವಾ? ಆಗ ಅಲ್ಲಿ ಕಾನ್ಸರ್ಟ್ ಹೇಗೆ ಮಾಡಿದರು? ಯಾರು ಬರುತ್ತಿದ್ದರು?

ಮಲೆನಾಡ_ತಂತಿ

ಮಳೆಬಿಲ್ಲು ಮೇಡಂ, ನಾನು ಈ ಆಲ್ಬಮ್‌ಗೆ ಇಷ್ಟು ಅಂಟಿಕೊಳ್ಳೋಕೆ ಅದೂ ಒಂದು ಕಾರಣ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಲ್‌ಫಾಸ್ಟ್ ಇರೋದು ಬ್ರಿಟನ್ ಆಳ್ವಿಕೆಯ ಉತ್ತರ ಐರ್ಲೆಂಡಿನಲ್ಲಿ. ಅಲ್ಲಿ 1960ರ ದಶಕದ ಕೊನೆಗೆ ಹಿಂಸೆ ಶುರುವಾಯಿತು. ಒಂದು ಕಡೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಹೆಚ್ಚಿನವರು ಪ್ರಾಟೆಸ್ಟೆಂಟರು. ಇನ್ನೊಂದು ಕಡೆ ಐರ್ಲೆಂಡ್ ಒಂದಾಗಬೇಕು ಅನ್ನುವವರು, ಹೆಚ್ಚಿನವರು ಕ್ಯಾಥೊಲಿಕರು. ನಡುವೆ ಸೈನ್ಯ. 1972ರ ಜನವರಿ 30ರಂದು ಡೆರಿ ಊರಿನಲ್ಲಿ ಮೆರವಣಿಗೆ ಮೇಲೆ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು. ಆ ಒಂದೇ ವರ್ಷದಲ್ಲಿ ಒಟ್ಟು ಸತ್ತವರು ಸುಮಾರು 480. ಬೆಲ್‌ಫಾಸ್ಟ್ ನಡುಪೇಟೆಗೆ ಹೋಗಬೇಕಾದರೆ ತಪಾಸಣೆ, ಚೀಲ ತೆಗೆದು ತೋರಿಸಬೇಕು. ಕತ್ತಲಾದ ಮೇಲೆ ಬೀದಿ ಖಾಲಿ.

ಹೊರಗಿನ ಬ್ಯಾಂಡ್‌ಗಳು ಅಲ್ಲಿಗೆ ಬರುವುದನ್ನೇ ಬಿಟ್ಟವು. ಯಾರನ್ನೂ ದೂರೋಕಾಗಲ್ಲ. ವಿಮೆ ಸಿಗಲ್ಲ, ಜೀವಕ್ಕೆ ಗ್ಯಾರಂಟಿ ಇಲ್ಲ. ಅದೇ ಅಲ್‌ಸ್ಟರ್ ಹಾಲ್‌ನಲ್ಲಿ 1971ರ ಮಾರ್ಚ್‌ನಲ್ಲಿ ಲೆಡ್ ಝೆಪ್ಪೆಲಿನ್ ನುಡಿಸಿತ್ತು. ‘ಸ್ಟೇರ್‌ವೇ ಟು ಹೆವನ್’ ಮೊದಲ ಸಲ ಜನರ ಮುಂದೆ ಬಂದದ್ದು ಅಲ್ಲೇ. ಆಮೇಲೆ ದೊಡ್ಡ ಹೆಸರುಗಳು ಕಡಿಮೆಯಾಗುತ್ತಾ ಹೋದವು.

ರೋರಿ ಮಾತ್ರ ಬಿಡಲಿಲ್ಲ. ವರ್ಷ ವರ್ಷವೂ ಹೋದ. ಅವನಿಗೆ ಬೆಲ್‌ಫಾಸ್ಟ್ ಹೊಸದಲ್ಲ. ಟೇಸ್ಟ್ ಬ್ಯಾಂಡ್ ದಿನಗಳಲ್ಲಿ ಅಲ್ಲೇ ಇದ್ದು, ಮ್ಯಾರಿಟೈಮ್ ಹೋಟೆಲ್ ಅನ್ನುವ ಜಾಗದಲ್ಲಿ ನುಡಿಸಿ ಹೆಸರು ಮಾಡಿದ್ದ. ಆಲ್ಬಮ್‌ನ ಕೊನೆಯ ಅರ್ಧ ನಿಮಿಷದ ತುಣುಕಿಗೆ ‘ಮ್ಯಾರಿಟೈಮ್’ ಅಂತ ಹೆಸರಿದೆ, ಗಮನಿಸಿ.

ಯಾರು ಬರುತ್ತಿದ್ದರು ಅಂತ ಕೇಳಿದಿರಿ. ಎರಡೂ ಕಡೆಯ ಹುಡುಗರು. ಹಗಲಲ್ಲಿ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡದ ಹುಡುಗರು ಆ ಹಾಲ್‌ನಲ್ಲಿ ಒತ್ತೊತ್ತಾಗಿ ನಿಲ್ಲುತ್ತಿದ್ದರು. ರೋರಿ ಕ್ಯಾಥೊಲಿಕ್ ಮನೆಯವನು, ಗಡಿಯ ಆಚೆಯವನು. ಆದರೂ ಅವನನ್ನು ಯಾರೂ ‘ಆ ಕಡೆಯವನು’ ಅನ್ನಲಿಲ್ಲ. ವೇದಿಕೆ ಮೇಲೆ ರಾಜಕೀಯ ಭಾಷಣ ಮಾಡಲಿಲ್ಲ. ಚೌಕಳಿ ಅಂಗಿ, ಜೀನ್ಸ್ ಹಾಕಿಕೊಂಡು ಬಂದ, ಬೆವರು ಸುರಿಸಿ ನುಡಿಸಿದ, ಮುಂದಿನ ವರ್ಷ ಮತ್ತೆ ಬಂದ.

ಅಪಾಯ ನಿಜವಾದದ್ದೇ. 1975ರ ಜುಲೈ 31ರಂದು ಮಯಾಮಿ ಶೋಬ್ಯಾಂಡ್ ಅನ್ನುವ ಜನಪ್ರಿಯ ಐರಿಷ್ ಬ್ಯಾಂಡ್ ಕಾರ್ಯಕ್ರಮ ಮುಗಿಸಿ ಡಬ್ಲಿನ್‌ಗೆ ವಾಪಸ್ ಹೋಗುತ್ತಿತ್ತು. ಸೈನಿಕರ ವೇಷದಲ್ಲಿದ್ದ ಬಂದೂಕುಧಾರಿಗಳು ವ್ಯಾನ್ ತಡೆದರು. ಮೂವರು ಸಂಗೀತಗಾರರನ್ನು ಕೊಂದರು. ರೋರಿ ಓಡಾಡುತ್ತಿದ್ದದ್ದೂ ಅಂಥ ರಸ್ತೆಗಳಲ್ಲೇ.

ಹಳೇ_ಕ್ಯಾಸೆಟ್

ಬರೆದದ್ದೆಲ್ಲ ಸರಿ. ಆ ಮನುಷ್ಯನ ಎದೆಗಾರಿಕೆಗೆ ನನ್ನದೂ ಒಂದು ನಮಸ್ಕಾರ. ಆದರೆ ಒಂದು ಎಚ್ಚರ ಇರಲಿ. ಧೈರ್ಯಕ್ಕೆ ಕೊಡುವ ಅಂಕವನ್ನು ಸಂಗೀತದ ಖಾತೆಗೆ ಹಾಕಬಾರದು. ಬಾಂಬಿನ ಕಥೆ ಗೊತ್ತಿಲ್ಲದವನು ಕೇಳಿದಾಗಲೂ ಆಲ್ಬಮ್ ನಿಲ್ಲಬೇಕು. ನಿಲ್ಲುತ್ತದಾ?

ಮಲೆನಾಡ_ತಂತಿ

ನಿಲ್ಲುತ್ತದೆ ಸರ್. ನಾನು ಕಥೆ ಓದುವ ಎಷ್ಟೋ ಮೊದಲೇ ಹಾಡಿಗೆ ಬಿದ್ದವನು. ಆದರೆ ಎರಡನ್ನೂ ಪೂರ್ತಿ ಬೇರೆ ಮಾಡೋಕಾಗುತ್ತಾ? ಲೈವ್ ಆಲ್ಬಮ್‌ನಲ್ಲಿ ಅರ್ಧ ಸದ್ದು ಜನರದ್ದು. ವರ್ಷಕ್ಕೊಮ್ಮೆ ಇಂಥ ಒಂದು ರಾತ್ರಿ ಸಿಗುವ ಜನ ಕೂಗುವ ರೀತಿಯೇ ಬೇರೆ. ಆ ಕೂಗು ಬ್ಯಾಂಡಿನ ಕೈಗೆ ಇಳಿಯುತ್ತದೆ. ಅದು ಸಂಗೀತದ ಖಾತೆಯದೇ.

ಸೌಂಡ್_ಡೆಸ್ಕ್

ಕಾರ್ಯಕ್ರಮಗಳಿಗೆ ಸೌಂಡ್ ಮಾಡೋದು ನನ್ನ ಹೊಟ್ಟೆಪಾಡು. ಆ ಕಡೆಯಿಂದ ಎರಡು ಮಾತು.

ಇದನ್ನು ರೆಕಾರ್ಡ್ ಮಾಡಿದ್ದು ರಾನಿ ಲೇನ್‌ನ ಮೊಬೈಲ್ ಸ್ಟುಡಿಯೋದಲ್ಲಿ. ರಾನಿ ಲೇನ್ ಅಂದರೆ ‘ಸ್ಮಾಲ್ ಫೇಸಸ್’, ‘ಫೇಸಸ್’ ಬ್ಯಾಂಡ್‌ಗಳ ಬೇಸ್ ವಾದಕ. ಒಂದು ಏರ್‌ಸ್ಟ್ರೀಮ್ ಟ್ರೇಲರ್ ತೆಗೆದುಕೊಂಡು ಅದರೊಳಗೆ ಮಿಕ್ಸರ್, ಟೇಪ್ ಯಂತ್ರ ಎಲ್ಲ ಕೂರಿಸಿದ್ದ. ಅಲ್ಯೂಮಿನಿಯಂ ಮೈ, ಬೆಳ್ಳಗೆ ಹೊಳೆಯುವ ಟ್ರೇಲರ್. ಹಾಲ್ ಹೊರಗೆ ನಿಲ್ಲಿಸಿ ಒಳಗಿನ ಮೈಕ್‌ಗಳಿಂದ ಕೇಬಲ್ ಎಳೆದುಕೊಂಡರೆ ಸ್ಟುಡಿಯೋ ರೆಡಿ. ಲೆಡ್ ಝೆಪ್ಪೆಲಿನ್‌ನ ‘ಫಿಸಿಕಲ್ ಗ್ರಾಫಿಟಿ’ಗೂ ಇದೇ ಟ್ರೇಲರ್ ಬಳಸಿದ್ದಾರೆ.

ಒಳ್ಳೆ ಲೈವ್ ರೆಕಾರ್ಡಿಂಗ್‌ಗೆ ಪರೀಕ್ಷೆ ಏನು ಗೊತ್ತಾ? ಒಂದರ ಸದ್ದು ಇನ್ನೊಂದರ ಮೈಕ್‌ಗೆ ಸೋರಿರಬೇಕು. ಡ್ರಮ್ಸ್ ಸದ್ದು ಹಾಡುವ ಮೈಕ್‌ಗೆ, ಗಿಟಾರ್ ಸದ್ದು ಡ್ರಮ್ಸ್ ಮೈಕ್‌ಗೆ. ಸೋರಿಕೆ ಇದ್ದರೆ ಆಮೇಲೆ ಸ್ಟುಡಿಯೋದಲ್ಲಿ ಒಂದನ್ನು ಮಾತ್ರ ಕಿತ್ತು ಹೊಸದು ಹಾಕೋಕೆ ಕಷ್ಟ, ಹಳೆಯದರ ನೆರಳು ಉಳಿದುಬಿಡುತ್ತದೆ. ‘ಐರಿಷ್ ಟೂರ್’ನಲ್ಲಿ ಆ ಸೋರಿಕೆ ಚೆನ್ನಾಗಿ ಕೇಳುತ್ತದೆ. ರೋರಿ ಹಾಡುತ್ತಾ ಮೈಕ್‌ನಿಂದ ದೂರ ಸರಿದಾಗ ಇಡೀ ಹಾಲ್‌ನ ಬಣ್ಣವೇ ಸ್ವಲ್ಪ ಬದಲಾಗುತ್ತದೆ.

ಆ ಕಾಲದ ಎಷ್ಟೋ ಲೈವ್ ಆಲ್ಬಮ್‌ಗಳಿಗೆ ಸ್ಟುಡಿಯೋದಲ್ಲಿ ತೇಪೆ ಹಾಕಿದ್ದಾರೆ. ಕಿಸ್ ಬ್ಯಾಂಡಿನ ‘ಅಲೈವ್!’ಗೆ ಹಾಕಿದ್ದು ಈಗ ಗುಟ್ಟೇನಲ್ಲ. ‘ಲೈವ್ ಅಂಡ್ ಡೇಂಜರಸ್’ನಲ್ಲಿ ಮುಕ್ಕಾಲು ಪಾಲು ಸ್ಟುಡಿಯೋದ್ದು ಅಂತ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು, ಇಲ್ಲವೇ ಇಲ್ಲ ಅಂತ ಬ್ಯಾಂಡಿನ ಕಡೆಯವರು ಹೇಳಿದರು. ಜಗಳ ಇನ್ನೂ ಮುಗಿದಿಲ್ಲ. ನಾನು ತೇಪೆ ಹಾಕಿದ್ದು ಪಾಪ ಅನ್ನಲ್ಲ. ಆದರೆ ಹಾಡಿನ ಒಂದು ರಾತ್ರಿ ಹೇಗಿತ್ತೋ ಹಾಗೇ ಬೇಕು ಅನ್ನುವವರಿಗೆ ಈ ಆಲ್ಬಮ್ ಕೊಡುತ್ತೇನೆ.

ಒಂದು ಮಾತ್ರ ಹೇಳಬೇಕು. ‘ಬ್ಯಾಕ್ ಆನ್ ಮೈ ಸ್ಟಾಂಪಿನ್ ಗ್ರೌಂಡ್’ ಕಾನ್ಸರ್ಟ್‌ನದಲ್ಲ. ಪ್ರವಾಸದ ವೇಳೆ ಅದೇ ಮೊಬೈಲ್ ಘಟಕದಲ್ಲಿ ಹಿಡಿದ ಜ್ಯಾಮ್, ಅಂದರೆ ಸುಮ್ಮನೆ ಸೇರಿ ನುಡಿಸಿದ್ದು. ಹೆಸರಿನ ಪಕ್ಕ ‘ಆಫ್ಟರ್ ಅವರ್ಸ್’ ಅಂತ ಅವರೇ ಬರೆದಿದ್ದಾರೆ. ಜನರ ಚಪ್ಪಾಳೆ ಅಂಟಿಸಿ ಕಾನ್ಸರ್ಟ್ ಅಂತ ಮಾರಬಹುದಿತ್ತು. ಮಾರಲಿಲ್ಲ.

ಆರು_ತಂತಿ

ನುಡಿಸುವವರಿಗೆ ಒಂದು ಪ್ರಶ್ನೆ. ‘ಎ ಮಿಲಿಯನ್ ಮೈಲ್ಸ್ ಅವೇ’ಯಲ್ಲಿ ಸ್ವರ ಹಿಂದಿನಿಂದ ಊದಿಕೊಂಡು ಬರುವ ಥರ ಕೇಳುತ್ತದಲ್ಲ, ಅದು ಯಾವ ಪೆಡಲ್ (ಕಾಲಿನಿಂದ ಒತ್ತಿ ಸದ್ದು ಬದಲಿಸುವ ಡಬ್ಬಿ)? ನನ್ನ ಹತ್ತಿರ ಡಿಲೇ, ರಿವರ್ಬ್, ವಾಹ್ ಎಲ್ಲ ಇದೆ. ಹಾಗೆ ಬರುತ್ತಿಲ್ಲ.

ಮಲೆನಾಡ_ತಂತಿ

ಪೆಡಲ್ ಅಲ್ಲ ಗುರು. ಕಿರುಬೆರಳು.

ಸ್ಟ್ರಾಟ್‌ನಲ್ಲಿ ವಾಲ್ಯೂಮ್ ನಾಬ್ ತಂತಿಗೆ ಬಹಳ ಹತ್ತಿರ ಇರುತ್ತದೆ ಅಲ್ವಾ? ಎಷ್ಟೋ ಜನಕ್ಕೆ ಅದೇ ಕಿರಿಕಿರಿ, ಕೈ ತಾಗುತ್ತದೆ ಅಂತ. ರೋರಿ ಅದನ್ನೇ ವಾದ್ಯ ಮಾಡಿಕೊಂಡ. ಹೆಬ್ಬೆರಳು, ತೋರುಬೆರಳಿನ ನಡುವೆ ಪಿಕ್. ಕಿರುಬೆರಳು ನಾಬ್‌ಗೆ ಸುತ್ತಿಕೊಂಡಿರುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸಿ ತಂತಿ ಮೀಟು. ಪಿಕ್ ತಾಗಿದ ‘ಟಕ್’ ಸದ್ದು ಕೇಳುವುದಿಲ್ಲ. ತಕ್ಷಣ ಕಿರುಬೆರಳಿನಿಂದ ನಾಬ್ ತಿರುಗಿಸು. ಸ್ವರ ಪಿಟೀಲಿನ ಕಮಾನು ಎಳೆದ ಹಾಗೆ ಉಬ್ಬಿಕೊಂಡು ಬರುತ್ತದೆ. ಟೋನ್ ನಾಬ್‌ನಲ್ಲೂ ಹೀಗೇ ಮಾಡಿ ವಾಹ್ ಥರದ ಸದ್ದು ಬರಿಸುತ್ತಿದ್ದ.

ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಸದ್ದು ಸ್ವಲ್ಪ ಒಡೆಯುವ ಮಟ್ಟಕ್ಕೆ ಇಟ್ಟುಕೊಳ್ಳಬೇಕು, ಅದು ಮುಖ್ಯ. ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿದರೆ ಸದ್ದು ತಿಳಿಯಾಗುತ್ತದೆ, ಪೂರ್ತಿ ತೆರೆದರೆ ಗರಗರ ಅನ್ನುತ್ತದೆ. ಎಲ್ಲ ಬದಲಾವಣೆ ಕೈಯಲ್ಲೇ. ರೋರಿಯ ಮೂಲ ಜೋಡಿ ವಾಕ್ಸ್ ಎಸಿ30 ಆಂಪ್ ಮತ್ತು ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನುವ ಟ್ರೆಬಲ್ ಬೂಸ್ಟರ್ (ಚೂಪು ಸ್ವರಗಳನ್ನು ಎತ್ತುವ) ಡಬ್ಬಿ. ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಹುಡುಗನಾಗಿದ್ದಾಗ ಲಂಡನ್ನಿನ ಮಾರ್ಕೀ ಕ್ಲಬ್‌ನಲ್ಲಿ ಟೇಸ್ಟ್ ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಈ ಸದ್ದು ಹೇಗೆ ಬರುತ್ತದೆ ಅಂತ ಕೇಳಿದನಂತೆ. ರೋರಿ ಏನೂ ಮುಚ್ಚಿಡದೆ ಹೇಳಿದ. ಮೇ ಹೋಗಿ ಅವೇ ಎರಡನ್ನು ತಂದು ತನ್ನ ಗಿಟಾರಿಗೆ ಹಾಕಿಕೊಂಡ. ಕ್ವೀನ್‌ನ ಗಿಟಾರ್ ಸದ್ದಿನ ಬೇರು ಅದು. ಈ ಕಥೆಯನ್ನು ಮೇ ಸ್ವತಃ ಎಷ್ಟೋ ಸಲ ಹೇಳಿದ್ದಾನೆ.

ಹಾರ್ಮೋನಿಕ್ಸ್ (ತಂತಿಯಿಂದ ಸಿಳ್ಳೆಯಂತೆ ಬರುವ ಮೇಲಿನ ಸ್ವರ) ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಪಿಕ್ ಮೀಟುವಾಗ ಹೆಬ್ಬೆರಳ ಅಂಚು ತಂತಿಗೆ ಸವರಿದಂತೆ ತಾಗಬೇಕು. ‘ಟ್ಯಾಟೂಡ್ ಲೇಡಿ’ ಸೋಲೋದಲ್ಲಿ ಕಿವಿಗೊಟ್ಟು ಕೇಳಿ.

ಕಾರ್ಕ್_ವಾಸಿ

‘ಎ ಮಿಲಿಯನ್ ಮೈಲ್ಸ್ ಅವೇ’ ಹಾಡಿನಲ್ಲಿ ಕಡಲ ಪಕ್ಕದ ಹೋಟೆಲ್ ಬಾರ್‌ನಲ್ಲಿ ಒಬ್ಬ ಒಂಟಿಯಾಗಿ ಕೂತಿರುತ್ತಾನೆ. ಅದು ಬ್ಯಾಲಿಕಾಟನ್ ಅಂತ ಇಲ್ಲಿಯ ಜನ ಹೇಳುತ್ತಾರೆ. ಕಾರ್ಕ್‌ನಿಂದ ಪೂರ್ವಕ್ಕೆ ಹೋದರೆ ಸಿಗುವ ಮೀನುಗಾರರ ಊರು. ಎತ್ತರದ ದಂಡೆ, ಕೆಳಗೆ ದೋಣಿಗಳು, ಎದುರಿನ ದ್ವೀಪದಲ್ಲಿ ಕಪ್ಪು ಬಣ್ಣದ ಲೈಟ್‌ಹೌಸ್. ಆ ಹಾಡು ಹಾಕಿಕೊಂಡು ಆ ದಂಡೆಯ ಮೇಲೆ ನಡೆದರೆ ಬೇರೆಯೇ ಅರ್ಥ ಬರುತ್ತದೆ. ಜನರ ಮಧ್ಯೆ ಇದ್ದೂ ದೂರ ಇರುವವನ ಹಾಡು. ಊರು ಬಿಟ್ಟು ಬಂದ ನಮ್ಮಂಥವರಿಗೆ ನೇರ ತಾಗುತ್ತದೆ.

ಗಿಟಾರ್ ವಿಷಯಕ್ಕೆ ಬಂದರೆ, 2024ರ ಅಕ್ಟೋಬರ್‌ನಲ್ಲಿ ಆ ಸ್ಟ್ರಾಟ್ ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ ಹರಾಜಿಗೆ ಬಂತು. ಇಲ್ಲಿ ಎಲ್ಲರ ಎದೆ ಢವಢವ. ಯಾವುದೋ ಸಾಹುಕಾರ ಕೊಂಡು ತಿಜೋರಿಯಲ್ಲಿ ಇಟ್ಟುಬಿಟ್ಟರೆ? ಸರ್ಕಾರವೇ ಕೊಳ್ಳಬೇಕು ಅಂತ ಒತ್ತಾಯ ನಡೆಯಿತು. ಕೊನೆಗೆ ಶುಲ್ಕ ಎಲ್ಲ ಸೇರಿ 8,89,400 ಪೌಂಡಿಗೆ ಹೋಯಿತು. ಕೊಂಡವರು ಐರ್ಲೆಂಡಿನ ಕಾನ್ಸರ್ಟ್ ಕಂಪನಿಯವರೇ. ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟರು. ನೆಮ್ಮದಿ ಆಯಿತು.

ಆರು_ತಂತಿ

ತಂತಿ ಅಣ್ಣಾ, ಬಹಳ ಥ್ಯಾಂಕ್ಸ್. ಪೆಡಲ್ ಎಲ್ಲ ಬಿಚ್ಚಿಟ್ಟು ಬರೀ ಆಂಪ್ ಇಟ್ಟುಕೊಂಡು ಕೂತಿದ್ದೆ. ಊದಿಕೊಂಡು ಬರುವ ಸ್ವರ ಬಂತು! ಕಿರುಬೆರಳು ಮಾತ್ರ ನೋಯುತ್ತಿದೆ.

ಆ ಗಿಟಾರಿನ ಬಣ್ಣ ಯಾಕೆ ಅಷ್ಟು ಕಿತ್ತುಹೋಗಿದೆ? ಬೇಕಂತ ಉಜ್ಜಿದ್ದಾ?

ಬೇಸ್_ಬಡಿತ

ಬೇಕಂತ ಅಲ್ಲ. ಬೆವರು. ಅವನ ಬೆವರು ಬಣ್ಣಕ್ಕೆ ಆಗುತ್ತಿರಲಿಲ್ಲ, ಪದರ ಪದರ ಎದ್ದು ಬಂತು. ಜೊತೆಗೆ ಒಮ್ಮೆ ಡಬ್ಲಿನ್‌ನಲ್ಲಿ ಕಳುವಾಗಿ, ಮಳೆಯಲ್ಲಿ ಹಳ್ಳದಲ್ಲಿ ಬಿದ್ದು ಸಿಕ್ಕಿತ್ತು. ಅಷ್ಟಾದರೂ ಅವನು ಹೊಸ ಬಣ್ಣ ಹೊಡೆಸಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿ, ಕೈ ಊರುವ ಜಾಗದಲ್ಲಿ ಬರೀ ಮರ. ತಂತಿ ಬಿಗಿಮಾಡುವ ಆರು ಟ್ಯೂನರ್‌ಗಳಲ್ಲಿ ಒಂದು ಬೇರೆ ಥರದ್ದು. ಈಗ ಕಂಪನಿಯವರು ಹೊಸ ಗಿಟಾರನ್ನು ಇದೇ ಥರ ಸವೆಸಿ ಮಾರುತ್ತಾರೆ.

ರಾಡ್ ಡಿ’ಆತ್ ಬಗ್ಗೆ ಹೇಳದೆ ಹೋದರೆ ಮನಸ್ಸಿಗೆ ಸಮಾಧಾನ ಇಲ್ಲ. 1978ರಲ್ಲಿ ಬ್ಯಾಂಡ್ ಬಿಟ್ಟ. ಆಮೇಲೆ ದೊಡ್ಡ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು, ಒಂದು ಕಣ್ಣು ಹೋಯಿತು. ಎಷ್ಟು ಕಾಲ ಕಾಣದೆ ಹೋದ ಅಂದರೆ, ಜೊತೆಗಾರರೇ ಅವನು ಸತ್ತಿದ್ದಾನೆ ಅಂದುಕೊಂಡಿದ್ದರು. 1995ರ ಜೂನ್ 14ರಂದು ಲಂಡನ್ನಿನಲ್ಲಿ ರೋರಿ ತೀರಿಕೊಂಡ. ಲಿವರ್ ಬದಲಾಯಿಸಿದ ಮೇಲೆ ಸೋಂಕು ತಗುಲಿತ್ತು. 47 ವರ್ಷ ಅಷ್ಟೇ. ಲಂಡನ್ನಿನಲ್ಲಿ ನಡೆದ ಅವನ ಸ್ಮರಣೆಯ ಪ್ರಾರ್ಥನೆಗೆ ರಾಡ್ ಬಂದು ನಿಂತ. ಅಲ್ಲಿದ್ದವರ ಪರಿಸ್ಥಿತಿ ಏನಾಗಿರಬೇಕು ಯೋಚಿಸಿ. ಲೂ ಮಾರ್ಟಿನ್ 2012ರಲ್ಲಿ ಹೋದ, ರಾಡ್ 2014ರಲ್ಲಿ. ಆ ನಾಲ್ವರಲ್ಲಿ ಈಗ ಉಳಿದವನು ಗೆರಿ ಒಬ್ಬನೇ.

ಮಳೆಬಿಲ್ಲು

ಕೇಳಿದೆ. ಎರಡು ಸಲ ಕೇಳಿದೆ.

ನನಗೆ ಹಿಡಿಸಿದ್ದು ನೀವ್ಯಾರೂ ಜಾಸ್ತಿ ಮಾತಾಡದ ಹಾಡು. ‘ಆಸ್ ದಿ ಕ್ರೋ ಫ್ಲೈಸ್’. ಅಷ್ಟು ಸದ್ದಿನ ನಡುವೆ ಒಬ್ಬನೇ ಕೂತು ಲೋಹದ ಗಿಟಾರ್ ಮತ್ತು ಮೌತ್ ಆರ್ಗನ್ ನುಡಿಸುತ್ತಾನೆ. ಜನ ಕಾಲು ತಾಳ ಹಾಕೋದು, ಚಪ್ಪಾಳೆ ತಟ್ಟೋದು ಎಲ್ಲ ಕೇಳುತ್ತದೆ. ಅಷ್ಟು ದೊಡ್ಡ ಹಾಲ್ ಒಂದು ಸಣ್ಣ ಕೋಣೆ ಆದ ಹಾಗಾಯಿತು. ‘ವಾಕ್ ಆನ್ ಹಾಟ್ ಕೋಲ್ಸ್’ ಮಾತ್ರ ನನಗೆ ಉದ್ದ ಜಾಸ್ತಿ ಅನ್ನಿಸಿತು. ಬೈಯಬೇಡಿ.

ಕೊಳ್ಳೋದಾದರೆ ಯಾವ ಆವೃತ್ತಿ ಕೊಳ್ಳಲಿ? ಸಿನಿಮಾನೂ ಇದೆಯಂತೆ?

ಸೌಂಡ್_ಡೆಸ್ಕ್

ಬೈಯೋದೆಲ್ಲಿ ಬಂತು ಮೇಡಂ. ಅದು ನ್ಯಾಷನಲ್ ಕಂಪನಿಯ ರೆಸೊನೇಟರ್ ಗಿಟಾರ್, 1930ರ ದಶಕದ್ದು. ಮುಚ್ಚಳದ ಕೆಳಗೆ ಲೋಹದ ತಟ್ಟೆ ಇರುತ್ತದೆ, ಅದೇ ಸ್ಪೀಕರ್ ಥರ ಕೆಲಸ ಮಾಡುತ್ತದೆ. ಗಿಟಾರಿಗೆ ಆಂಪ್ ಇಲ್ಲದ ಕಾಲಕ್ಕೆ ಅದರ ದನಿ ದೂರ ಹೋಗಲಿ ಅಂತ ಮಾಡಿದ್ದು.

ಮೊದಲ ಸಲ ಕೊಳ್ಳುವವರಿಗೆ ಮಾಮೂಲಿ ಆಲ್ಬಮ್ ಸಾಕು. ಎಲ್‌ಪಿ ಆದರೆ ಇನ್ನೂ ಒಳ್ಳೆಯದು. ನಾಲ್ಕು ಮುಖಕ್ಕೆ ಹಾಡುಗಳನ್ನು ಹಂಚಿದ ರೀತಿಯಲ್ಲೇ ಒಂದು ಕಾನ್ಸರ್ಟ್‌ನ ಏರಿಳಿತ ಇದೆ. ಹುಚ್ಚು ಹತ್ತಿದರೆ 2014ರಲ್ಲಿ ನಲವತ್ತು ವರ್ಷದ ನೆನಪಿಗೆ ಬಂದ ಬಾಕ್ಸ್ ಇದೆ. 7 ಸಿಡಿ. ಕಾರ್ಕ್‌ಗೆ ಎರಡು, ಡಬ್ಲಿನ್‌ಗೆ ಎರಡು, ಬೆಲ್‌ಫಾಸ್ಟ್‌ಗೆ ಎರಡು, ಇನ್ನೊಂದರಲ್ಲಿ ಸಿಟಿ ಹಾಲ್‌ನಲ್ಲಿ ಜನರಿಲ್ಲದೆ ನುಡಿಸಿದ್ದು. ಜೊತೆಗೆ ಟೋನಿ ಪಾಮರ್ ತೆಗೆದ ಸಿನಿಮಾದ ಡಿವಿಡಿ. ಪ್ರವಾಸದ ಜೊತೆಗೇ ಓಡಾಡಿ ತೆಗೆದದ್ದು. ವೇದಿಕೆ ಮೇಲೆ ಅಷ್ಟು ಆರ್ಭಟ ಮಾಡುವ ಮನುಷ್ಯ ಕೆಳಗೆ ಇಳಿದರೆ ಎಷ್ಟು ನಾಚಿಕೆಯವನು ಅಂತ ಅದರಲ್ಲಿ ಕಾಣುತ್ತದೆ. ಮಾತಾಡುವಾಗ ದನಿಯೇ ಏಳುವುದಿಲ್ಲ.

ಹಳೇ_ಕ್ಯಾಸೆಟ್

ನಾನು ವಾರಾಂತ್ಯ ಪೂರ್ತಿ ಎರಡೂ ಆಲ್ಬಮ್ ಬೆನ್ನಿಗೆ ಬೆನ್ನು ಹಾಕಿ ಕೇಳಿದೆ. ನನ್ನ ಓಟು ಈಗಲೂ ‘ಲೈವ್ ಇನ್ ಯೂರೋಪ್’ಗೇ. ಆದರೆ ಬೇಸ್_ಬಡಿತ ಹೇಳಿದ ಮಾತು ತಲೆಯಲ್ಲಿ ಕೂತಿತ್ತು. ‘ವಾಕ್ ಆನ್ ಹಾಟ್ ಕೋಲ್ಸ್’ನಲ್ಲಿ ಲೂ ಮಾರ್ಟಿನ್ ಪಿಯಾನೋ ರೋರಿಯನ್ನು ಕೆಣಕುತ್ತದೆ, ರೋರಿ ಉತ್ತರ ಕೊಡುತ್ತಾನೆ, ಅದು ಮತ್ತೆ ಕೆಣಕುತ್ತದೆ. ‘ಲೈವ್ ಇನ್ ಯೂರೋಪ್’ನಲ್ಲಿ ಅವನಿಗೆ ಹಾಗೆ ಎದುರು ಮಾತಾಡುವವರು ಇರಲಿಲ್ಲ. ಮಳೆಬಿಲ್ಲು ಅವರೇ, ಆ ಹಾಡಿಗೆ ಇನ್ನೊಂದು ಅವಕಾಶ ಕೊಡಿ. ಪಿಯಾನೋ ಹಿಡಿದು ಕೇಳಿ.

ತಂತಿಯವರೇ, ಬಾಕ್ಸ್‌ನ ಬೆಲ್‌ಫಾಸ್ಟ್ ಸಿಡಿ ನಿಮ್ಮ ಹತ್ತಿರ ಇದೆಯಾ? ಅದೇ ಹಾಡು ಕಾರ್ಕ್‌ನಲ್ಲಿ ಹೇಗೆ, ಬೆಲ್‌ಫಾಸ್ಟ್‌ನಲ್ಲಿ ಹೇಗೆ ಅಂತ ಪಕ್ಕ ಪಕ್ಕ ಇಟ್ಟು ನೋಡಬೇಕು. ಜನರ ಸದ್ದು ಬ್ಯಾಂಡಿನ ಕೈಗೆ ಇಳಿಯುತ್ತದೆ ಅಂದಿರಲ್ಲ, ಅದನ್ನು ಅಲ್ಲಿ ಪರೀಕ್ಷೆ ಮಾಡಬಹುದು.

ಮಲೆನಾಡ_ತಂತಿ

ಇದೆ ಸರ್. ‘ಟ್ಯಾಟೂಡ್ ಲೇಡಿ’ಯಿಂದ ಶುರು ಮಾಡೋಣ. ಭಾನುವಾರ ಎಲ್ಲರೂ ಒಂದೇ ಹೊತ್ತಿಗೆ ಕೇಳಿ ಇಲ್ಲೇ ಬರೆಯೋಣ. ಸೌಂಡ್_ಡೆಸ್ಕ್ ಅವರೇ, ನೀವಂತೂ ಇರಲೇಬೇಕು.